ಹದಿನೆಂಟು ಡಿಗ್ರಿ

ಸೋಮವಾರ ಲ್ಯಾಬಿನ ಬೀಗ ತೆಗೆದಾಗ
ಮೊದಲು ಕೇಳಿಸಿದ್ದು ಇಲ್ಲದ ಸದ್ದು.

ಎರಡು ವರ್ಷ ಬೈದಿದ್ದೆ ಆ ಗೊರಗೊರವನ್ನು,
ಡಬ್ಬಿ ಬಿಚ್ಚಿದರೆ ಸಾಕು, ಪಕ್ಕದಲ್ಲೇ ಗೊಣಗುವ ಅತ್ತೆ.
ಈಗ ಬರೀ ಪಂಪು, ನೀರು ಸುತ್ತುವ ತೆಳು ದನಿ,
ಆಮೇಲೆ ಕಪಾಟಿನೊಳಗಿಂದ ಒಂದು ಮುಲುಕು,
ಹತ್ತೆಣಿಸುವಷ್ಟರಲ್ಲಿ ಟಕ್.
ಮತ್ತೆ ಸುಮ್ಮನೆ.
ಕೆಂಪು ಅಂಕಿ ಇಪ್ಪತ್ತಾರೂವರೆ.
ಇರಬೇಕಾದ್ದು ಹದಿನೆಂಟು.

ತೊಟ್ಟಿಯಲ್ಲಿ ಬಿಳಿಗ ನಗುತ್ತಿದ್ದ.
ಅವನದು ಯಾವಾಗಲೂ ನಗುವ ಬಾಯಿ,
ಹಸಿದರೂ, ಕಾಲು ಕಳಕೊಂಡರೂ, ಬೇಯುತ್ತಿದ್ದರೂ
ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ನಗು.
ಮುಖ ನೋಡಬೇಡ, ಕಿವಿರು ನೋಡು ಅಂದಿದ್ದರು ಮೇಡಂ.
ನೋಡಿದೆ. ಆರೂ ಗರಿ ಮುಂದಕ್ಕೆ ಮುರುಟಿ,
ಬಾಲದ ತುದಿ ಕೊಕ್ಕೆ.

ಮೇಡಂ ಫೋನು ಸ್ವಿಚ್ ಆಫ್. ಬೇಸಗೆ ರಜೆ.
ಆಫೀಸಿನ ವರದಪ್ಪನವರು ಕನ್ನಡಕ ಏರಿಸಿ
"ಮೂರು ಕೊಟೇಶನ್ ತಗೊಂಡು ಬನ್ನಿ, ಹೊನ್ನಗಂಗಮ್ಮ" ಅಂದರು.
ಏಪ್ರಿಲ್ಲು ಕಾಯುತ್ತದೆಯೆ ಕೊಟೇಶನ್ನಿಗೆ?

ಫ್ರೀಜರಿನಲ್ಲಿದ್ದ ನನ್ನ ನೀರಿನ ಬಾಟಲಿ ತೇಲಿಬಿಟ್ಟೆ,
ಮುಚ್ಚಳ ಬಿಗಿಮಾಡಿ. ನಲ್ಲಿನೀರಿನ ಔಷಧಿ ಅವನಿಗಾಗದು.
ಟೇಬಲ್ ಫ್ಯಾನು ನೀರಿನ ಮೈಮೇಲೆ ತಿರುಗಿಸಿದೆ,
ಮಗುವಿನ ಹಾಲು ಆರಿಸುವ ಬುದ್ಧಿ, ಇನ್ನೇನು.
ಇಪ್ಪತ್ತೈದು. ಇಪ್ಪತ್ತನಾಲ್ಕೂವರೆ. ಅಲ್ಲೇ ನಿಂತಿತು.

ಗಂಗೊಂಡನಹಳ್ಳಿಯಿಂದ ಇನಾಯತ್ ಬಂದ,
ಟೀವಿಎಸ್ಸಿನ ಹಿಂದೆ ಗ್ಯಾಸಿನ ಡಬ್ಬ ಕಟ್ಟಿಕೊಂಡು.
"ಮೀನಿಗೂ ಏಸೀನಾ ಅಕ್ಕ?"
ಮೀನಲ್ಲ, ಅಂದೆ. ಹಲ್ಲಿ ಥರ. ಕೈಕಾಲು ಹೋದರೆ
ಮತ್ತೆ ಬೆಳೆಸಿಕೊಳ್ಳುತ್ತೆ.
ಅವನು ತನ್ನ ಎಡಗೈಯ ಅರ್ಧ ಕಿರುಬೆರಳು ನೋಡಿಕೊಂಡ,
ಏನೂ ಅನ್ನಲಿಲ್ಲ.

ಸ್ಕ್ರೂಡ್ರೈವರಿನ ಮೊನೆ ಕಂಪ್ರೆಸರಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿದ.
"ಏಳಕ್ಕೆ ನೋಡ್ತಾ ಐತೆ. ಆಗ್ತಾ ಇಲ್ಲ."
ಪೈಪಿನ ಬೆಸುಗೆಗಳಿಗೆಲ್ಲ ಸೋಪಿನ ನೊರೆ ಬಳಿದು ಕಾದ;
ಒಂದು ಗುಳ್ಳೆಯೂ ಏಳಲಿಲ್ಲ. ಗ್ಯಾಸು ಇದೆ.
ಹಿಂಬದಿ ತಗಡು ಬಿಚ್ಚಿದಾಗ
ಸೀಮೆಸುಣ್ಣದ ಪುಡಿ, ಕೂದಲು, ಜಿರಲೆ ರೆಕ್ಕೆ
ಕಂಬಳಿಯಂತೆ ಸುಲಿದು ಬಂತು.
ಅದರ ಕೆಳಗೆ ಹೊಟ್ಟೆಯುಬ್ಬಿದ ಕೆಪಾಸಿಟರು,
ಬೆರಳುದ್ದ. ಅದರೆರಡು ಕಾಲಿಗೆ ಕಬ್ಬಿಣ ಅಡ್ಡವಿಟ್ಟ,
ಚಟ್ಟಂತ ಕಿಡಿ. "ಕೆಟ್ಟ ಮೇಲೂ ಕಚ್ತದೆ ಇದು."

"ಕಪಾಟಿಗೆ ತುರುಕಿದ್ದು ಯಾರು?
ತಂಪು ಅಂತ ಬೇರೆ ಏನೂ ಇಲ್ಲ ಅಕ್ಕ,
ನೀರಿನ ಬಿಸಿ ತಗೊಂಡು ಹೊರಗೆ ಸುರೀತದೆ, ಅಷ್ಟೇ.
ಹೊರಗೇ ಇಲ್ಲ ಅಂದ್ರೆ ಎಲ್ಲಿ ಸುರೀಬೇಕು?"

ಹೇಳಲಿಲ್ಲ ನಾನು.
ಮಾರ್ಚಿನಲ್ಲಿ ಕಮಿಟಿ ಬಂದಿತ್ತು.
ಸದ್ದು ಕೇಳಬಾರದು ಅಂದಿದ್ದರು ಪ್ರಿನ್ಸಿಪಾಲರು.
ತಳ್ಳಿದ್ದು ಈ ಕೈ. ಚಿಲಕ ಹಾಕಿದ್ದೂ.
ಕಮಿಟಿಯವರು ತೊಟ್ಟಿ ಮುಂದೆ ನಿಂತು, ಅವನ ನಗು ನೋಡಿ
ತಾವೂ ನಕ್ಕು, ಏನೋ ಬರೆದುಕೊಂಡು ಹೋದರು.
ಚಿಲಕ ತೆಗೆ ಅಂತ ಆಮೇಲೆ ಯಾರೂ ಹೇಳಲಿಲ್ಲ;
ಊಟದ ಹೊತ್ತು ನೆಮ್ಮದಿಯಾಗಿತ್ತು, ನಾನೂ ಕೇಳಲಿಲ್ಲ.

ಎಸ್.ಪಿ. ರೋಡಿನಿಂದ ಅವನು ವಾಪಸಾದಾಗ ಮೂರೂವರೆ.
ನೂರಾ ಎಂಬತ್ತು ರೂಪಾಯಿ, ನನ್ನ ಪರ್ಸಿನದು.
ಬಿಲ್ಲು ಬೇಡ ಅಂದೆ.
ಸ್ವಿಚ್ಚು. ಮುಲುಕು. ಎಣಿಸಿದೆ:
ಎಂಟು, ಒಂಬತ್ತು, ಹತ್ತು,
ಹನ್ನೊಂದು.
ಗೊರಗೊರ.

ಹದಿನೆಂಟಂದ್ರೆ ಎಷ್ಟು ಚಳಿ, ಕೇಳಿದ.
ನನಗೇನು ಗೊತ್ತು ಲೆಕ್ಕ? ಮುತ್ಯಾಲನಗರದ ನಲ್ಲಿ ಸಾಲಿನಲ್ಲಿ
ಬೆಳಗಿನ ಐದಕ್ಕೆ, ಫ್ರಾಕು ತೊಡುತ್ತಿದ್ದಾಗ,
ಮುಂದಿನವಳ ಹಿತ್ತಾಳೆ ಬಿಂದಿಗೆಗೆ ಮೊಣಕೈ ತಾಗಿದರೆ
ಆಗುತ್ತಿತ್ತಲ್ಲ, ಅಷ್ಟು.

ಗಂಟೆಗೊಂದರಂತೆ ಇಳಿಯಿತು.
ವಾಚ್‌ಮನ್ ಕೀಲಿ ಅಲ್ಲಾಡಿಸುವ ಹೊತ್ತಿಗೆ ಇಪ್ಪತ್ತೊಂದು;
ಗರಿಗಳಲ್ಲಿ ಒಂದು ಹಿಂದಕ್ಕೆ ವಾಲಿತ್ತು. ಐದು ಇನ್ನೂ ಹಾಗೇ.
ಕಪಾಟಿನ ಎರಡೂ ಬಾಗಿಲು ಕಿತ್ತು ಗೋಡೆಗೆ ಒರಗಿಸಿದೆ.
ಯಂತ್ರದ ಬಿಸಿಯುಸಿರು ಸೀರೆ ಅಂಚಿಗೆ, ಹಿಮ್ಮಡಿಗೆ.

ರಿಜಿಸ್ಟರಿನಲ್ಲಿ ತಾರೀಖು, ಡಿಗ್ರಿ, ಸಹಿ.
ಷರಾ ಅಂಕಣದಲ್ಲಿ ಬರೆದೆ:
ಸದ್ದು ಮಾಡುತ್ತಿದೆ.